ತೇವದ ಸೆನ್ಸರ್ ಮತ್ತು ಅಡುಗೆಮನೆ ತಕ್ಕಡಿ: ಐದನೇ ತರಗತಿಯಲ್ಲಿ ಒಂದು ಹೋಲಿಕೆ

ಕೋಲಾರ ತಾಲ್ಲೂಕಿನ ಹಳ್ಳಿಶಾಲೆಯೊಂದರಲ್ಲಿ ಐದನೇ ತರಗತಿಗೆ ಗಣಿತ, ವಿಜ್ಞಾನ ಎರಡನ್ನೂ ಕಲಿಸುವ ನಾನು, ಬೆಳೆಗೆ ನೀರೆಷ್ಟು ಬೇಕೆಂಬ ಪಾಠವನ್ನು ಕಳೆದ ಮುಂಗಾರಿನಲ್ಲಿ ಎರಡು ಬಗೆಯಲ್ಲಿ ಮಾಡಿ ನೋಡಿದೆ. ಒಂದು ಗುಂಪಿಗೆ ದಾನವಾಗಿ ಬಂದ, ಮಣ್ಣಿನ ತೇವ ತೋರಿಸುವ ಸೆನ್ಸರ್ ಕಿಟ್ ಕೊಟ್ಟೆ. ಇನ್ನೊಂದು ಗುಂಪಿಗೆ ರಾಗಿ ಪೈರು ನೆಟ್ಟ ಎರಡು ಚೌಕ ಡಬ್ಬಗಳನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನೂ ಕೊಟ್ಟೆ.

ಮೊದಲ ದಿನ ಗೆದ್ದದ್ದು ಕಿಟ್. ಅಂಕಿ 30ಕ್ಕಿಂತ ಕೆಳಗಿಳಿದರೆ ಕೆಂಪು ದೀಪ ಉರಿಯುವಂತೆ ಮಕ್ಕಳೇ ಪ್ರೋಗ್ರಾಂ ಬರೆದರು. ಆದರೆ 30 ಎಂದರೆ ಎಷ್ಟು ನೀರು ಎಂದು ಕೇಳಿದಾಗ ಯಾರಿಂದಲೂ ಉತ್ತರ ಬರಲಿಲ್ಲ, ನನ್ನಿಂದಲೂ. ಎರಡು ಕಡ್ಡಿಗಳ ನಡುವೆ ಹರಿಯುವ ವಿದ್ಯುತ್ತನ್ನು ಅಳೆಯುವ ಆ ಸೆನ್ಸರ್, ಗೊಬ್ಬರ ಕರಗಿಸಿದ ನೀರು ಹಾಕಿದ ಮಣ್ಣಿನಲ್ಲಿ ಅಷ್ಟೇ ಪ್ರಮಾಣದ ಬರೀ ನೀರು ಹಾಕಿದ ಮಣ್ಣಿಗಿಂತ ಹೆಚ್ಚಿನ ಅಂಕಿ ತೋರಿಸಿತು. ಲವಣವೂ ವಿದ್ಯುತ್ ಹರಿಸುತ್ತದೆಂಬ ಆ ವಿವರಣೆ ಐದನೇ ತರಗತಿಗೆ ತುಸು ಭಾರವೇ. ಮೂರು ವಾರದಲ್ಲಿ ಕಡ್ಡಿಗಳು ಸವೆದು ಹಸಿರುಗಟ್ಟಿದವು.

ತಕ್ಕಡಿಯ ಗುಂಪು ಪ್ರತಿದಿನ ಪ್ರಾರ್ಥನೆ ಮುಗಿದೊಡನೆ ಡಬ್ಬ ತೂಗುತ್ತಿತ್ತು. ಒಂದು ಬೆಳಿಗ್ಗೆ 8,340 ಗ್ರಾಂ ಇದ್ದದ್ದು ಮರುದಿನ 8,220 ಆಗಿತ್ತು. ಒಂದು ಗ್ರಾಂ ನೀರೆಂದರೆ ಒಂದು ಮಿಲಿಲೀಟರ್ ಎಂದು ತಿಳಿದಿದ್ದ ಮಕ್ಕಳು, 20 ಸೆಂಟಿಮೀಟರ್ ಬದಿಯ ಡಬ್ಬದ ಬಾಯಿಯ ವಿಸ್ತೀರ್ಣ 400ರಿಂದ 120ನ್ನು ಭಾಗಿಸಿ, 0.3 ಸೆಂಟಿಮೀಟರ್, ಅಂದರೆ ಮೂರು ಮಿಲಿಮೀಟರ್ ಮಳೆಯಷ್ಟು ನೀರು ಒಂದೇ ದಿನದಲ್ಲಿ ಆರಿಹೋಗಿದೆ ಎಂದು ಕಂಡುಕೊಂಡರು. ಒಂದು ಎಕರೆಗೆ ಲೆಕ್ಕ ಹಾಕಿದಾಗ ಸುಮಾರು 12,000 ಲೀಟರ್, ಅಂದರೆ ನಮ್ಮೂರಿನ ಟ್ರಾಕ್ಟರ್ ಟ್ಯಾಂಕರ್‌ನಲ್ಲಿ ಎರಡು ಲೋಡು! (ಸುತ್ತಲೂ ಗಾಳಿಗೊಡ್ಡಿದ ಡಬ್ಬ ಹೊಲದಂತೆಯೇ ವರ್ತಿಸುವುದಿಲ್ಲವೆಂದು ಹೇಳಿದೆ, ಯಾರೂ ಕಿವಿಗೊಡಲಿಲ್ಲ.) ರಾಗಿ ಹುಲ್ಲು ಹೊದಿಸಿದ್ದ ಎರಡನೆಯ ಡಬ್ಬ ಅದೇ ದಿನ ಕಳೆದುಕೊಂಡದ್ದು 70 ಗ್ರಾಂ ಮಾತ್ರ. "ನಮ್ಮಪ್ಪ ಟೊಮೆಟೊಗೆ ಮಲ್ಚಿಂಗ್ ಪೇಪರ್ ಹಾಸೋದು ಇದಕ್ಕೇನಾ ಸಾರ್?" ಎಂದು ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ ಕಿಟ್ ಗುಂಪಿನಲ್ಲಿ ಒಮ್ಮೆಯೂ ಹುಟ್ಟಲಿಲ್ಲ.

ತಕ್ಕಡಿಗೂ ಕೊರತೆಯಿದೆ. ಭಾನುವಾರ ತೂಗುವವರಿಲ್ಲ, ಕಿಟ್ ರಜಾದಿನದ ಅಂಕಿಯನ್ನೂ ದಾಖಲಿಸುತ್ತಿತ್ತು. ಹೊಲದ ಮಾತೆಂದರೆ ಮುಖ ತಿರುಗಿಸುವ ಒಂದಿಬ್ಬರು ಮಕ್ಕಳು ಪಾಠದೊಳಕ್ಕೆ ಬಂದದ್ದೂ ಆ ಕೆಂಪು ದೀಪದ ದೆಸೆಯಿಂದಲೇ. ಹಾಗಾಗಿ ಈ ವರ್ಷ ಮೊದಲ ತಿಂಗಳು ತಕ್ಕಡಿಯೊಂದೇ. ಆಮೇಲೆ ಹೊಸ ಕಡ್ಡಿಗಳನ್ನು ಅದೇ ಡಬ್ಬಕ್ಕೆ ಚುಚ್ಚಿ, ಸೆನ್ಸರ್ ತೋರಿಸುವ ಪ್ರತಿ ಅಂಕಿಯ ಪಕ್ಕದಲ್ಲಿ ಅಂದಿನ ತೂಕವನ್ನು ಬರೆಸುತ್ತಿದ್ದೇನೆ. ದೀಪ ಎಷ್ಟಕ್ಕೆ ಉರಿಯಬೇಕೆಂಬುದನ್ನು ಮಕ್ಕಳು ಆ ಪಟ್ಟಿ ನೋಡಿ ಗೊತ್ತುಮಾಡುತ್ತಾರೆ.