ತಮಿಯಾ 1/12 ಟಿರೆಲ್ ಪಿ34: ಆರು ಚಕ್ರದ ಕಿಟ್, ಕಷ್ಟವೆಲ್ಲ ಮುಂದಿನ ನಾಲ್ಕರಲ್ಲಿ

ಹಳೆಯ ಫಾರ್ಮುಲಾ 1 ಕಾರುಗಳ ಮಾಡೆಲ್ ಕಟ್ಟುವವರು ದೊಡ್ಡ ಅಳತೆಯ ಕಿಟ್ ಒಂದನ್ನೇ ಕೊಳ್ಳುವುದಾದರೆ ಜಪಾನಿನ ತಮಿಯಾ ಕಂಪನಿಯ 1/12 ಅಳತೆಯ (ನಿಜವಾದ ಕಾರಿನ ಹನ್ನೆರಡನೇ ಒಂದು ಭಾಗ) ಟಿರೆಲ್ ಪಿ34 ಕೊಳ್ಳಲಿ. ಟಿರೆಲ್ ತಂಡದ ಆರು ಚಕ್ರದ ರೇಸ್ ಕಾರು ಅದು. ಅಚ್ಚು 1970ರ ದಶಕದ್ದು. ಈಚಿನ ಮರುಬಿಡುಗಡೆಯ ಪೆಟ್ಟಿಗೆಗಳಲ್ಲಿ ತೆಳು ಲೋಹದ ಹಾಳೆಯಲ್ಲಿ ಕೊರೆದ ಸಣ್ಣ ಭಾಗಗಳೂ ಬರುತ್ತವೆ. ಇದಕ್ಕಿಂತ ನಯವಾಗಿ ಕೂರುವ ಹೊಸ ಕಿಟ್‌ಗಳು ಬೇಕಾದಷ್ಟಿವೆ. ಆದರೆ ನಿಜವಾದ ಕಾರನ್ನು ಯಾವ ಕ್ರಮದಲ್ಲಿ ಜೋಡಿಸುತ್ತಿದ್ದರೋ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಕೈ ಹಿಡಿದು ನಡೆಸುವ ಕಿಟ್‌ಗಳು ಕಡಿಮೆ. ಸ್ಟೀರಿಂಗ್ ತಿರುಗುತ್ತದೆ, ಸ್ಪ್ರಿಂಗ್ ಒತ್ತಿದರೆ ಕುಗ್ಗುತ್ತದೆ, ಮೇಲಿನ ಕವಚ ತೆಗೆದರೆ ಇಂಜಿನ್ ಕಾಣುತ್ತದೆ. ಇದರ ಗುಣವೂ ಅದೇ, ಕಷ್ಟವೂ ಅದೇ.

ಕಾರಿನ ಬಗ್ಗೆ ಸ್ವಲ್ಪ ತಿಳಿದಿದ್ದರೆ ಕಿಟ್ ಕಟ್ಟುವಾಗ ಎಲ್ಲಿ ಹುಷಾರಾಗಿರಬೇಕು ಎನ್ನುವುದೂ ಗೊತ್ತಾಗುತ್ತದೆ. ಆಗಿನ ನಿಯಮದಂತೆ ಮುಂದಿನ ರೆಕ್ಕೆಯ ಅಗಲ 1.5 ಮೀಟರ್ ಮೀರುವಂತಿರಲಿಲ್ಲ. ಮಾಮೂಲಿ ಗಾತ್ರದ ಮುಂದಿನ ಟೈರುಗಳು ಕಾರಿನ ಮೂತಿಗಿಂತ ಎತ್ತರಕ್ಕೆ ನಿಂತು ಗಾಳಿಗೆ ಅಡ್ಡ ಬರುತ್ತಿದ್ದವು. ವಿನ್ಯಾಸಕಾರ ಡೆರೆಕ್ ಗಾರ್ಡ್ನರ್ 10 ಇಂಚಿನ ಚಕ್ರಗಳನ್ನು ಹಾಕಿ ಮೂತಿಯ ಹಿಂದೆ ಅಡಗಿಸಿದರು. ಸಣ್ಣ ಟೈರಿಗೆ ನೆಲದ ಹಿಡಿತ ಕಡಿಮೆ, ಅದನ್ನು ತುಂಬಿಕೊಳ್ಳಲು ಎರಡರ ಜಾಗದಲ್ಲಿ ನಾಲ್ಕು. 1976ರ ಮೇ ತಿಂಗಳಲ್ಲಿ ಸ್ಪೇನಿನ ಹರಾಮಾದಲ್ಲಿ ಪ್ಯಾಟ್ರಿಕ್ ಡಿಪೈಯೆ ಇದನ್ನು ಮೊದಲ ಬಾರಿ ರೇಸಿಗೆ ಇಳಿಸಿದರು. ಜೂನ್ 13ರಂದು ಸ್ವೀಡನ್ನಿನ ಆಂಡರ್‌ಸ್ಟೋರ್ಪ್‌ನಲ್ಲಿ ಜೋಡಿ ಶೆಕ್ಟರ್ ಮೊದಲು, ಡಿಪೈಯೆ ಎರಡನೆಯವರು. ಆರು ಚಕ್ರದ ಕಾರು ಫಾರ್ಮುಲಾ 1ರಲ್ಲಿ ಗೆದ್ದದ್ದು ಅದೊಂದೇ ಸಲ. 1977ರಲ್ಲಿ ಚಾಲಕರಾಗಿ ರೋನಿ ಪೀಟರ್ಸನ್ ಬಂದರೂ ಕಾರು ಮುಂದೆ ಹೋಗಲಿಲ್ಲ. ಒಂದೇ ತಂಡ ಬಳಸುವ ಆ ಪುಟ್ಟ ಟೈರು ಕಾರಿನ ಹಿಂಬದಿಯ ಟೈರುಗಳಷ್ಟು ಸುಧಾರಿಸಲಿಲ್ಲ. 1983ರಿಂದ ನಾಲ್ಕಕ್ಕಿಂತ ಹೆಚ್ಚು ಚಕ್ರಗಳನ್ನೇ ನಿಷೇಧಿಸಿದರು.

ಈಗ ಪೆಟ್ಟಿಗೆ. ಪ್ಲಾಸ್ಟಿಕ್ ಭಾಗಗಳ ಜೊತೆಗೆ ಸ್ಕ್ರೂಗಳು, ಲೋಹದ ಸ್ಪ್ರಿಂಗ್‌ಗಳು, ಪೊಳ್ಳು ರಬ್ಬರ್ ಟೈರುಗಳು, ವಿನೈಲ್ ನಳಿಗೆ, ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳ) ಹಾಳೆ ಇರುತ್ತವೆ. ಕಟ್ಟಿದ ಕಾರು ಒಂದಡಿಗೂ ಉದ್ದ, ಆದ್ದರಿಂದ ಇಡುವ ಕಪಾಟನ್ನು ಮೊದಲು ಅಳೆದುಕೊಳ್ಳಿ. 1976ರ ಸಂಖ್ಯೆಗಳಲ್ಲಿ 3 ಶೆಕ್ಟರ್ ಅವರದ್ದು, 4 ಡಿಪೈಯೆ ಅವರದ್ದು. ಯಾರ ಕಾರು ಮಾಡುತ್ತೀರೆಂದು ಮೊದಲೇ ನಿರ್ಧರಿಸಿಕೊಂಡರೆ ಬೇಡದ ಸಂಖ್ಯೆ ಪ್ರಯೋಗಕ್ಕೆ ಉಳಿಯುತ್ತದೆ. ಅದರ ಉಪಯೋಗ ಮುಂದೆ ಬರುತ್ತದೆ.

ಅಚ್ಚಿನ ವಯಸ್ಸು ಭಾಗಗಳಲ್ಲಿ ಕಾಣುತ್ತದೆ. ಸಸ್ಪೆನ್ಷನ್ ತೋಳುಗಳ ಉದ್ದಕ್ಕೂ ಅಚ್ಚಿನ ಗೆರೆ ಇರುತ್ತದೆ. ಅದನ್ನು ಚಾಕುವಿನ ಅಲಗಿನ ಬೆನ್ನಿನಿಂದ ಕೆರೆದು 600, ಆಮೇಲೆ 1000 ನಂಬರಿನ ಸ್ಯಾಂಡ್‌ಪೇಪರಿನಿಂದ ಉಜ್ಜಬೇಕು. ಅಲಗಿನ ಮೊನೆಯಿಂದ ಕೆರೆದರೆ ದುಂಡಗಿನ ತೋಳು ಚಪ್ಪಟೆಯಾಗುತ್ತದೆ, 1/12ರಲ್ಲಿ ಅದು ಎದ್ದು ಕಾಣುತ್ತದೆ. ಕವಚದ ಒಳಮೈಯಲ್ಲಿರುವ ದುಂಡು ಗುರುತುಗಳಲ್ಲಿ ಕಣ್ಣಿಗೆ ಬೀಳುವವನ್ನಷ್ಟೇ ಪುಟ್ಟಿ ಹಾಕಿ ಮುಚ್ಚಿದರೆ ಸಾಕು. ಎಂ-ಸೀಲ್ ಈ ಕೆಲಸಕ್ಕೆ ತೀರಾ ಒರಟು, ಮಾಡೆಲ್ ಪುಟ್ಟಿಯೇ ಬೇಕು.

ಮುಂಭಾಗಕ್ಕೆ ಬರೋಣ, ಈ ಕಿಟ್‌ನ ಅರ್ಧ ಶ್ರಮ ಇಲ್ಲೇ. ರಿಮ್ ಇರುವುದೇ ಸುಮಾರು 21 ಮಿಲಿಮೀಟರ್. ಅದರ ಹಿಂದೆ ಬ್ರೇಕ್, ಮೇಲೆ ಕೆಳಗೆ ತೋಳುಗಳು, ಸ್ಟೀರಿಂಗ್ ಕಡ್ಡಿ. ಇಷ್ಟೂ ಒಂದೊಂದು ಬದಿಗೆ ಎರಡೆರಡು ಸಲ. ಎಡ ಬಲದ ಭಾಗಗಳು ನೋಡಲು ಒಂದೇ ಥರ, ಮೊದಲ ಜೋಡಿ ಎರಡನೇ ಜೋಡಿಯವೂ ಹಾಗೆಯೇ. ಎಲ್ಲವನ್ನೂ ಒಮ್ಮೆಗೇ ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸಿಟ್ಟರೆ ಆಮೇಲೆ ಯಾವುದು ಯಾವುದೆಂದು ಹೇಳಲು ಬರುವುದಿಲ್ಲ. ಒಂದು ಮೂಲೆಗೆ ಬೇಕಾದಷ್ಟನ್ನೇ ಕತ್ತರಿಸಿ, ನಂಬರ್ ಬರೆದ ಕಾಗದದ ಮೇಲಿಟ್ಟು, ಅದು ಮುಗಿದ ಮೇಲೆ ಮುಂದಿನದಕ್ಕೆ ಹೋಗಿ. ಬದಲಾದ ಭಾಗ ಆ ಕ್ಷಣಕ್ಕೆ ಕೂತುಬಿಡುತ್ತದೆ. ತಪ್ಪು ತಿಳಿಯುವುದು ನಾಲ್ಕೂ ಚಕ್ರ ಹಾಕಿ ಸ್ಟೀರಿಂಗ್ ತಿರುಗಿಸಿದಾಗ, ಒಂದು ಚಕ್ರ ಮಾತ್ರ ಬೇರೆ ಕಡೆ ನೋಡುತ್ತಿದ್ದಾಗ.

ಸ್ಟೀರಿಂಗ್ ಬಿಗಿಯಾಗಿ ನಿಂತುಬಿಡಲು ಎರಡು ಕಾರಣಗಳಿವೆ, ಅಂಟು ಮತ್ತು ಬಣ್ಣ. ಕೈಪಿಡಿಯಲ್ಲಿ ಅಂಟು ಹಾಕಬೇಡಿ ಎಂಬ ಚಿಹ್ನೆ ಇರುವ ಕೀಲುಗಳ ಹತ್ತಿರ ಎಕ್ಸ್‌ಟ್ರಾ ಥಿನ್ ಅಂಟಿನ ಬಾಟಲಿ ತೆರೆಯಲೇಬೇಡಿ. ಅದು ನೀರಿನಂತೆ ಸಂದಿಗಳೊಳಗೆ ಹರಿದು ಪಕ್ಕದ ಕೀಲನ್ನೂ ಹಿಡಿದುಬಿಡುತ್ತದೆ. ಆ ಕೀಲುಗಳ ಪಕ್ಕದ ಭಾಗಗಳಿಗೆ ಗಟ್ಟಿ ಅಂಟನ್ನೇ ಟೂತ್‌ಪಿಕ್ ತುದಿಯಲ್ಲಿ ಇಡಬೇಕು. ಇನ್ನು ಬಣ್ಣ: ಕೀಲಿನ ಮೊಳೆಯ ಸುತ್ತ ಒಂದು ಪದರ, ತೂತಿನೊಳಗೆ ಒಂದು ಪದರ ಕೂತರೆ ಸಾಕು, ತಿರುಗುವುದಿಲ್ಲ. ಒತ್ತಿ ಕೂರಿಸಿದರೆ ಮೊಳೆ ಮುರಿಯುತ್ತದೆ. ಬಣ್ಣ ಹೊಡೆಯುವ ಮುಂಚೆ ಮೊಳೆಗಳಿಗೆ ಮಾಸ್ಕಿಂಗ್ ಟೇಪ್ ಸುತ್ತಿ, ತೂತುಗಳನ್ನು ಟೂತ್‌ಪಿಕ್‌ನಿಂದ ಮುಚ್ಚಿ. ಜೋಡಿಸುವಾಗ ಪೆನ್ಸಿಲ್ ಸೀಸದ ಪುಡಿ ಚಿಟಿಕೆಯಷ್ಟು ಹಾಕಿದರೆ ಹಗುರವಾಗಿ ತಿರುಗುತ್ತದೆ. ಎಣ್ಣೆ ಬೇಡ, ಅದು ಹರಡಿ ಮುಂದಿನ ಬಣ್ಣವನ್ನೂ ಡೆಕಾಲನ್ನೂ ಕೆಡಿಸುತ್ತದೆ.

ನಾಲ್ಕು ಕಾಲಿನ ಸ್ಟೂಲು ಅಲುಗಾಡುವ ಹಾಗೆ, ಆರು ಚಕ್ರದ ಈ ಮಾಡೆಲ್‌ನಲ್ಲಿ ಒಂದು ಚಕ್ರ ನೆಲ ಮುಟ್ಟದೆ ತೇಲುವುದು ಎಲ್ಲರಿಗೂ ಎದುರಾಗುವ ತೊಂದರೆ. ಪರೀಕ್ಷೆ ಸುಲಭ. ದಪ್ಪ ಗಾಜಿನ ಮೇಲೆ ಕಾರನ್ನು ನಿಲ್ಲಿಸಿ, ಪ್ರತಿ ಟೈರಿನ ಕೆಳಗೆ ಸಿಗರೇಟ್ ಪ್ಯಾಕಿನೊಳಗಿನ ತೆಳು ಹಾಳೆಯಂಥ ಕಾಗದದ ಪಟ್ಟಿ ತೂರಿಸಿ ಎಳೆದು ನೋಡಿ. ತಡೆಯಿಲ್ಲದೆ ಜಾರಿ ಬಂದ ಕಡೆ ಚಕ್ರ ತೇಲುತ್ತಿದೆ. ಮುಂದಿನ ನಾಲ್ಕರಲ್ಲಿ ಒಂದು ಮಾತ್ರ ತೇಲಿದರೆ ಅದರ ಅಪ್‌ರೈಟ್ (ಚಕ್ರವನ್ನು ತೋಳುಗಳಿಗೆ ಸೇರಿಸುವ ಭಾಗ) ಪೂರ್ತಿ ಕೂತಿಲ್ಲ, ಅಥವಾ ಸ್ಪ್ರಿಂಗ್ ಓರೆಯಾಗಿದೆ. ಎದುರುಬದುರು ಮೂಲೆಯ ಎರಡು ಚಕ್ರ ತೇಲಿದರೆ ಟಬ್ (ಚಾಲಕ ಕೂರುವ ಮುಖ್ಯ ಒಡಲು) ತಿರುಚಿಕೊಂಡಿದೆ. ಟಬ್ಬನ್ನು ಅಂಟಿಸಿದ ದಿನವೇ ಗಾಜಿಗೆ ಟೇಪಿನಿಂದ ಬಿಗಿದು ರಾತ್ರಿಯಿಡೀ ಬಿಟ್ಟರೆ ಈ ಎರಡನೇ ತೊಂದರೆ ಹುಟ್ಟುವುದೇ ಇಲ್ಲ. ಸ್ಕ್ರೂ ಬಿಗಿಯುವಾಗ ತಡೆ ಸಿಕ್ಕ ಕೂಡಲೇ ನಿಲ್ಲಿಸಿ. ಇನ್ನೂ ಅರ್ಧ ಸುತ್ತು ಹಾಕಿದರೆ ಪ್ಲಾಸ್ಟಿಕ್ ಬುಡ ಸೀಳುತ್ತದೆ, ಟಬ್ ಕೂಡ ವಾಲುತ್ತದೆ.

ಹಿಂಭಾಗದ ಸ್ವಭಾವ ಬೇರೆ. ಕಾಸ್ವರ್ತ್ ಡಿಎಫ್‌ವಿ, 2993 ಸಿಸಿಯ ಎಂಟು ಸಿಲಿಂಡರಿನ ವಿ8 ಇಂಜಿನ್. ನಿಜವಾದ ಕಾರಿನಲ್ಲಿ ಇದರ ಸುತ್ತ ಚೌಕಟ್ಟು ಇರಲಿಲ್ಲ. ಇಂಜಿನ್ ನೇರವಾಗಿ ಟಬ್ಬಿನ ಬೆನ್ನಿಗೆ ಬೋಲ್ಟ್ ಆಗುತ್ತಿತ್ತು, ಗೇರ್‌ಬಾಕ್ಸ್ ಇಂಜಿನ್ನಿನ ಬೆನ್ನಿಗೆ, ಹಿಂದಿನ ಸಸ್ಪೆನ್ಷನ್ ಅದಕ್ಕೆ. ಭಾರ ಹೊರುವ ಮೂಳೆ ಇಂಜಿನ್ನೇ. ಕಿಟ್‌ನಲ್ಲೂ ಅದೇ ಸಾಲು, ಆದ್ದರಿಂದ ಟಬ್ಬಿಗೂ ಇಂಜಿನ್ನಿಗೂ ನಡುವಿನ ಕೂಡು ಕೂದಲೆಳೆಯಷ್ಟು ಓರೆಯಾದರೂ ಹಿಂದಿನ ಚಕ್ರಗಳ ಹೊತ್ತಿಗೆ ಅದು ಮಿಲಿಮೀಟರುಗಳಾಗಿ ಬೆಳೆದಿರುತ್ತದೆ. ಕೂಡುವ ಮುಖಗಳಿಂದ ಬಣ್ಣ ಪೂರ್ತಿ ಕೆರೆದು ತೆಗೆಯಿರಿ. ಅಂಟು ಹಸಿ ಇರುವಾಗಲೇ ಹಿಂದಿನ ಆಕ್ಸಲ್‌ನಿಂದ ಟಬ್ಬಿನ ಹಿಂಗೋಡೆಯವರೆಗೆ ಎರಡೂ ಬದಿ ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು ಸಮ ಮಾಡಿ. ಅರ್ಧ ಮಿಲಿಮೀಟರಿನ ವ್ಯತ್ಯಾಸ ಉಳಿದರೂ ಮೇಲಿನಿಂದ ನೋಡಿದಾಗ ಹಿಂದಿನ ಅಗಲದ ಟೈರುಗಳು ಅದನ್ನು ಎತ್ತಿ ತೋರಿಸುತ್ತವೆ.

ಇಂಜಿನ್ ಮಾತ್ರ ಕಟ್ಟಲು ಖುಷಿ ಕೊಡುವ ವಸ್ತು. ಗಾಳಿ ಒಳಗೆಳೆಯುವ ಎಂಟು ತುತ್ತೂರಿ, ಎಂಟು ಪ್ಲಗ್ ವೈರ್, ಬದಿಗೆ ನಾಲ್ಕು ಕೊಳವೆ ಸೇರಿ ಒಂದಾಗುವ ಎಕ್ಸಾಸ್ಟ್. ವೈರ್‌ಗಳಿಗೆ ಬಳಸುವ ವಿನೈಲ್ ನಳಿಗೆಗಳನ್ನು ಕೈಪಿಡಿ ಹೇಳುವ ಅಳತೆಗಿಂತ 2 ಮಿ.ಮೀ. ಉದ್ದ ಕತ್ತರಿಸಿ. ಬಿಗಿಯಾಗಿ ಎಳೆದು ಕೂರಿಸಿದ ನಳಿಗೆ ಕೆಲವೇ ದಿನಗಳಲ್ಲಿ ಮೊಳೆಯಿಂದ ಕಳಚಿಕೊಳ್ಳುತ್ತದೆ. ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಮೊಳೆಯ ಮೇಲೆ ತಾನಾಗಿ ಏರುತ್ತದೆ, ಫೆವಿಕ್ವಿಕ್ ಬೇಕಾಗುವುದಿಲ್ಲ. ಫೆವಿಕ್ವಿಕ್‌ನ ಹೊಗೆ ಸುತ್ತಲಿನ ಕಪ್ಪು ಭಾಗಗಳ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಕಾಕ್‌ಪಿಟ್‌ನ ಪಾರದರ್ಶಕ ಭಾಗಗಳ ಹತ್ತಿರವಂತೂ ಅದು ಸುಳಿಯಲೇಬಾರದು. ಚಾಲಕನಿಗೆ ಮುಂದಿನ ಪುಟ್ಟ ಚಕ್ರಗಳು ಕಾಣಲೆಂದು ಬದಿಗಳಲ್ಲಿ ಕಿಟಕಿ ಇಟ್ಟದ್ದು ಈ ಕಾರಿನ ವಿಶೇಷ. ಆ ಕಿಟಕಿಗಳನ್ನೂ ವಿಂಡ್‌ಸ್ಕ್ರೀನನ್ನೂ ಬಿಳಿ ಫೆವಿಕಾಲ್‌ನಿಂದ ಅಂಟಿಸಿ. ಒಣಗಿದ ಮೇಲೆ ಗುರುತು ಕಾಣುವುದಿಲ್ಲ, ಹೊರಗೆ ಉಕ್ಕಿದ್ದು ಒದ್ದೆ ಹತ್ತಿಯಲ್ಲಿ ಹೋಗುತ್ತದೆ. ಲೋಹದ ಸಣ್ಣ ಭಾಗಗಳಿಗೆ ಮಾತ್ರ ಫೆವಿಕ್ವಿಕ್, ಅದೂ ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು.

ಬಣ್ಣದಲ್ಲಿ ಅವಸರ ಬೇಡ. ಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿ, ಪ್ರೈಮರ್ ಹೊಡೆದು, ಕಾರಿನ ನೀಲಿ ಬಣ್ಣವನ್ನು ಮೂರು ತೆಳು ಪದರಗಳಲ್ಲಿ ಹಾಕಿ. ಕವಚಗಳು ಒಂದಕ್ಕೊಂದು ಸೇರುವ ಅಂಚುಗಳನ್ನು ಪ್ರೈಮರಿಗೆ ಮುಂಚೆಯೇ ಸ್ವಲ್ಪ ಉಜ್ಜಿ ಸಡಿಲ ಮಾಡಿಟ್ಟುಕೊಳ್ಳಬೇಕು. ಪ್ರೈಮರ್, ನೀಲಿ, ಕ್ಲಿಯರ್ (ಕೊನೆಗೆ ಹೊಡೆಯುವ ಬಣ್ಣವಿಲ್ಲದ ಪದರ) ಮೂರೂ ಸೇರಿದ ದಪ್ಪಕ್ಕೆ, ಮುಂಚೆ ಸಲೀಸಾಗಿ ಕೂರುತ್ತಿದ್ದ ಮೂತಿ ಆಮೇಲೆ ಕೂರುವುದಿಲ್ಲ. ಒತ್ತಿದರೆ ಅಂಚಿನ ಬಣ್ಣವೇ ಏಳುತ್ತದೆ. ಸ್ಪ್ರೇ ಡಬ್ಬಿಗಳು ವಿಮಾನದ ಪಾರ್ಸೆಲ್‌ನಲ್ಲಿ ಬರುವುದಿಲ್ಲ, ಹೊರದೇಶದಿಂದ ಕಿಟ್ ತರಿಸುವವರು ಬಣ್ಣವನ್ನು ಇಲ್ಲೇ ಹೊಂದಿಸಿಕೊಳ್ಳಬೇಕು. ಕಾರ್ ಟಚ್‌ಅಪ್ ಸ್ಪ್ರೇ ಬಳಸುವುದಾದರೆ ಅದರ ಥಿನ್ನರ್ ಪ್ಲಾಸ್ಟಿಕ್ಕನ್ನು ಸುಕ್ಕುಗಟ್ಟಿಸಬಹುದು. ಮೊದಲು ಖಾಲಿ ಚೌಕಟ್ಟಿನ ತುಂಡಿನ ಮೇಲೆ ಹೊಡೆದು ಒಂದು ದಿನ ಬಿಟ್ಟು ನೋಡಿ. ಮಂಗಳೂರು, ಕಾರವಾರ, ಮಲೆನಾಡಿನ ಕಡೆಯವರು ಆಷಾಢದ ಮಳೆಯಲ್ಲಿ ಲ್ಯಾಕರ್ ಬಣ್ಣ ಹೊಡೆಯಲೇಬಾರದು. ಥಿನ್ನರ್ ಆರುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ಹೊಳಪಿನ ನೀಲಿ ಹಾಲು ಚೆಲ್ಲಿದಂತೆ ಮಸುಕಾಗುತ್ತದೆ.

ಡೆಕಾಲ್‌ಗಳು ಈ ಕಿಟ್‌ನ ಒಂದು ನೆಮ್ಮದಿ. ಸಿಗರೇಟ್ ಕಂಪನಿಗಳ ಬಣ್ಣದಲ್ಲಿ ಓಡಿದ ಕಾರುಗಳ ಈಗಿನ ಕಿಟ್‌ಗಳಲ್ಲಿ ಆ ಹೆಸರುಗಳು ಹಾಳೆಯಲ್ಲಿ ಇರುವುದಿಲ್ಲ, ಬೇರೆಯವರು ಮುದ್ರಿಸಿದ್ದನ್ನು ಹುಡುಕಿ ಕೊಳ್ಳಬೇಕು. ಟಿರೆಲ್‌ಗೆ ಹಣ ಕೊಟ್ಟದ್ದು ಎಲ್ಫ್ ಎಂಬ ಎಣ್ಣೆ ಕಂಪನಿ, ಹಾಗಾಗಿ ಆ ತಾಪತ್ರಯ ಇಲ್ಲ. ತೊಂದರೆ ಇರುವುದು ನೀಲಿಯ ಮೇಲೆ ತಿಳಿಬಣ್ಣದ ಡೆಕಾಲ್ ಹಾಕುವುದರಲ್ಲಿ: ಕೆಳಗಿನ ನೀಲಿ ಇಣುಕಿದರೆ ಹಳದಿ ಹಸಿರಾಗಿ ಕಾಣುತ್ತದೆ. ಉಳಿದ ಸಂಖ್ಯೆ ಕೆಲಸಕ್ಕೆ ಬರುವುದು ಈಗ. ನೀಲಿ ಹೊಡೆದ ಪ್ಲಾಸ್ಟಿಕ್ ಚಮಚದ ಮೇಲೆ ಅದನ್ನು ಅಂಟಿಸಿ ಬಣ್ಣ ನೋಡಿ, ಡೆಕಾಲ್ ಮೆದು ಮಾಡುವ ದ್ರಾವಣಕ್ಕೆ ಅದು ಹೇಗೆ ಬಾಗುತ್ತದೆಂದು ನೋಡಿ, ಮೇಲೆ ಕ್ಲಿಯರ್ ಹೊಡೆದೂ ನೋಡಿ. ಕ್ಲಿಯರ್‌ನ ಮೊದಲ ಎರಡು ಪದರ ದೂರದಿಂದ ಮಂಜಿನಂತೆ ಬೀಳಬೇಕು. ಹಸಿಯಾಗಿ ಸುರಿದರೆ ಲ್ಯಾಕರ್ ಡೆಕಾಲನ್ನೇ ಕರಗಿಸುತ್ತದೆ. ಒಂದು ವಾರ ಆರಲು ಬಿಟ್ಟು 2000 ನಂಬರಿನ ಪೇಪರ್ ನೀರಿನಲ್ಲಿ ಅದ್ದಿ ಉಜ್ಜಿ, ಪಾಲಿಷ್ ಮಾಡುವ ಕಾಂಪೌಂಡ್ ಹಾಕಿ. ಅಂಚುಗಳ ಮೇಲೆ ಉಜ್ಜಬೇಡಿ, ಅಲ್ಲಿ ಬಣ್ಣ ಮೊದಲು ಹೋಗುತ್ತದೆ.

ಟೈರುಗಳ ನಡುವೆ ಅಚ್ಚಿನ ಗೆರೆ ಇದ್ದರೆ 400ರ ಪೇಪರಿನಲ್ಲಿ ಸುತ್ತ ಉಜ್ಜಿದರೆ ಸಾಕು. ಹೊಳಪು ಹೋಗಿ ಒಂದೆರಡು ಸುತ್ತು ಓಡಿದ ಸ್ಲಿಕ್ (ಗೀರುಗಳಿಲ್ಲದ ರೇಸ್) ಟೈರಿನ ಮಂಕು ಬರುತ್ತದೆ.

1/20ರಲ್ಲೂ ತಮಿಯಾ ಪಿ34 ಮಾಡಿದೆ, 1976ರ ಜಪಾನ್ ಗ್ರ್ಯಾನ್ ಪ್ರಿ ಆವೃತ್ತಿಯೂ ಸೇರಿ. ಫುಜಿಯ ಆ ರೇಸಿಗೆ ಚಾಲಕರ ಹೆಸರನ್ನು ಕಾರಿನ ಮೇಲೆ ಜಪಾನಿ ಲಿಪಿಯಲ್ಲಿ ಬರೆದಿದ್ದರು, ಡಿಪೈಯೆ ಅಲ್ಲಿ ಎರಡನೆಯವರಾದರು. ಮೊದಲ ಫಾರ್ಮುಲಾ 1 ಕಿಟ್ ಕಟ್ಟುವವರಿಗೆ, ಜಾಗ ಮತ್ತು ದುಡ್ಡು ಎರಡೂ ಕಡಿಮೆ ಇರುವವರಿಗೆ 1/20 ಸಾಕು. ಐದಾರು ಕಾರು ಕಟ್ಟಿ ಏರ್‌ಬ್ರಷ್ ಕೈಗೆ ಒಗ್ಗಿದವರಿಗೆ 1/12. ಬೆಲೆ ನೋಡುವಾಗ ಕಿಟ್ ಬೆಲೆಯೊಂದನ್ನೇ ನೋಡದೆ ಸುಂಕ, ಪಾರ್ಸೆಲ್ ಖರ್ಚು, ಬಣ್ಣ ಎಲ್ಲ ಕೂಡಿಸಿ.

ಹಳೆಯ ಪೆಟ್ಟಿಗೆ ಯಾರಾದರೂ ಮಾರುತ್ತಿದ್ದರೆ ಮೂರು ಚಿತ್ರ ಕೇಳಿ: ಡೆಕಾಲ್ ಹಾಳೆ, ಟೈರುಗಳು, ಸ್ಪ್ರಿಂಗ್ ಮತ್ತು ಸ್ಕ್ರೂಗಳ ಪೊಟ್ಟಣ. ಪ್ಲಾಸ್ಟಿಕ್ ಭಾಗ ಮುರಿದಿದ್ದರೆ ಅಂಟಿಸಬಹುದು, ಸ್ಪ್ರಿಂಗ್ ಕಳೆದಿದ್ದರೆ ಆ ಅಳತೆಯದು ಹುಡುಕುವುದು ಕಷ್ಟ. ಡೆಕಾಲ್ ಹಾಳೆಯ ಬಿಳಿ ಹಳದಿಗೆ ತಿರುಗಿದ್ದರೆ ಜಿಪ್ ಚೀಲದಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸಿಡಿ, ಕೆಲವು ವಾರಗಳಲ್ಲಿ ಬಹುಪಾಲು ಬೆಳ್ಳಗಾಗುತ್ತದೆ. ಹಾಳೆಯಲ್ಲಿ ಕೂದಲಿನಂಥ ಬಿರುಕುಗಳಿದ್ದರೆ ಮಾತ್ರ ಅಂಟಿಸುವ ಮುಂಚೆ ಅದರ ಮೇಲೆ ತೆಳುವಾಗಿ ಕ್ಲಿಯರ್ ಹೊಡೆಯಬೇಕು, ಇಲ್ಲದಿದ್ದರೆ ನೀರಿಗೆ ಬಿಟ್ಟ ಕೂಡಲೇ ಚೂರುಚೂರಾಗುತ್ತದೆ. ಹಾಗೆ ಕ್ಲಿಯರ್ ಹೊಡೆದ ಹಾಳೆಯಲ್ಲಿ ಪ್ರತಿ ಗುರುತನ್ನೂ ಅದರ ಅಂಚಿಗೆ ಸರಿಯಾಗಿ ಬೇರೆಬೇರೆ ಕತ್ತರಿಸಿಕೊಳ್ಳಬೇಕಾಗುತ್ತದೆ.