‘ಸೋತರೂ ಪರವಾಗಿಲ್ಲ’ ಅನ್ನುವ ಫಂಡ್‌ನವರ ಮಾತು ನಂಬಿ ಸಹಿ ಹಾಕಬೇಡಿ

ಸಾಮಾಜಿಕ ಉದ್ಯಮಕ್ಕೆ ಗ್ರಾಂಟ್ ತೆಗೆದುಕೊಳ್ಳಲು ಹೊರಟಿದ್ದೀರಾ? ಹಣ ಕೊಡುವವರು ‘ಧೈರ್ಯವಾಗಿ ರಿಸ್ಕ್ ತಗೊಳ್ಳಿ, ಸೋತರೂ ಪರವಾಗಿಲ್ಲ, ಕಲಿತರೆ ಸಾಕು’ ಅಂದರಾ? ಹಾಗಾದರೆ ಸಹಿ ಹಾಕುವ ಮುಂಚೆ ಇದನ್ನು ಓದಿ. ನಮಗೂ ಇದೇ ಮಾತು ಹೇಳಿದ್ದರು. ಇದೇ ಮಾತು. ಈಗ ಎರಡನೇ ಕಂತು ಬಂದಿಲ್ಲ, ಜೊತೆಗೆ ದುಡಿದವರ ಸಂಬಳ ಬಾಕಿ ಇದೆ, ಅವರ ಮುಖ ನೋಡಲು ನನಗೆ ನಾಚಿಕೆ ಆಗುತ್ತಿದೆ.

ನಮ್ಮದು ಕುಡಿಯುವ ನೀರಿನ ಕೆಲಸ. ಶುದ್ಧ ನೀರಿನ ಘಟಕ ಹಾಕಿ, ಒಂದು ಕ್ಯಾನಿಗೆ ಇಷ್ಟು ಅಂತ ಸ್ವಲ್ಪ ದುಡ್ಡು ತೆಗೆದುಕೊಂಡು, ಆ ದುಡ್ಡಿನಲ್ಲೇ ಫಿಲ್ಟರ್ ಬದಲಾಯಿಸಿ, ಆಪರೇಟರ್‌ಗೆ ಸಂಬಳ ಕೊಟ್ಟು ಘಟಕ ತನ್ನಷ್ಟಕ್ಕೆ ನಡೆಯಬೇಕು ಅನ್ನುವ ಲೆಕ್ಕ. ಜನ ವರ್ಷವಿಡೀ ದುಡ್ಡು ಕೊಟ್ಟು ನೀರು ಒಯ್ಯುತ್ತಾರೆ ಅನ್ನುವ ಗ್ಯಾರಂಟಿ ಇಲ್ಲ ಅಂತ ಅರ್ಜಿಯಲ್ಲೇ ಬರೆದಿದ್ದೆವು. ಸಂದರ್ಶನದ ದಿನ ಪ್ರೋಗ್ರಾಂ ಆಫೀಸರ್ ಆ ಪ್ಯಾರಾ ಮೇಲೆಯೇ ಬೆರಳಿಟ್ಟು, ‘ನಮಗೆ ಇಷ್ಟ ಆಗಿದ್ದು ಇದೇ, ಮೇಡಂ’ ಅಂದರು.

ಶುರುವಿನಲ್ಲಿ ಕ್ಯೂ ನಿಂತಿತು. ಮಳೆ ಬಂತು, ಮಾರಾಟ ಬಿತ್ತು. ಬಾವಿ ತುಂಬಿದೆ, ನೀರು ನೋಡಲು ತಿಳಿಯಾಗಿದೆ, ರೋಗಾಣು ಕಣ್ಣಿಗೆ ಕಾಣುವುದಿಲ್ಲ ಅಲ್ವಾ? ಬೆಲೆ ಇಳಿಸಿದೆವು. ಮನೆಬಾಗಿಲಿಗೆ ಕ್ಯಾನ್ ಕಳಿಸಿ ನೋಡಿದೆವು, ಸಾಗಿಸುವ ಖರ್ಚೇ ಜಾಸ್ತಿ ಆಯಿತು. ಒಂದೊಂದಾಗಿ ಘಟಕಗಳು ನಿಂತವು. ಯಾವ ತಿಂಗಳು ಎಷ್ಟು ಕ್ಯಾನ್ ಹೋಯಿತು, ಯಾವ ಘಟಕ ಯಾಕೆ ನಿಂತಿತು, ಜನ ಏನು ಕಾರಣ ಹೇಳಿದರು, ಎಲ್ಲವನ್ನೂ ಗ್ರಾಫ್ ಸಮೇತ ಬರೆದು ಕಳಿಸಿದೆವು.

ಮೊದಲ ಉತ್ತರ ಹೀಗಿತ್ತು: ‘ವರದಿ ತುಂಬಾ ಪ್ರಾಮಾಣಿಕವಾಗಿದೆ, ಧನ್ಯವಾದ. ಘಟಕ ನಿಂತಿದೆ ಅಂತ ಬರೆದಿರುವ ಕಡೆ ಸುಧಾರಣೆಯ ಹಂತದಲ್ಲಿದೆ ಅಂತ ಹಾಕಬಹುದಾ? ಬೋರ್ಡ್‌ನವರು ಓದುತ್ತಾರೆ.’

ಆಗುವುದಿಲ್ಲ ಅಂದೆವು. ನಿಂತಿದ್ದನ್ನು ನಿಂತಿದೆ ಅನ್ನದೆ ಏನನ್ನಬೇಕು? ಅಷ್ಟೇ, ಮುಂದಿನ ಮೇಲ್‌ನಲ್ಲಿ ಭಾಷೆಯೇ ಬದಲಾಯಿತು. ‘ಒಪ್ಪಂದದ ಪ್ರಕಾರ ಗುರಿ ಮುಟ್ಟಿಲ್ಲವಾದ್ದರಿಂದ ಮುಂದಿನ ಕಂತನ್ನು ತಡೆಹಿಡಿಯಲಾಗಿದೆ.’ ಫೋನ್ ಮಾಡಿದೆ. ಅದೇ ಆಫೀಸರ್, ಅದೇ ಮೆತ್ತನೆಯ ದನಿ: ‘ರಿಸ್ಕ್ ತಗೊಳ್ಳಿ ಅಂದಿದ್ದು ನಿಜ ಮೇಡಂ, ಗುರಿ ಬಿಡಿ ಅಂದಿರಲಿಲ್ಲವಲ್ಲ.’

ಇಷ್ಟಕ್ಕೇ ನಿಂತಿದ್ದರೆ ನುಂಗಿಕೊಂಡು ಸುಮ್ಮನಾಗುತ್ತಿದ್ದೆನೇನೋ. ಆಮೇಲೆ ಅವರದೇ ಸಮಾವೇಶಕ್ಕೆ ಕರೆ ಬಂತು. ಕಂತಿನ ಬಗ್ಗೆ ಎದುರಿಗೇ ಕೂತು ಮಾತಾಡೋಣ ಅಂತ ಹೋದೆ. ವೇದಿಕೆ ಮೇಲೆ ಫಂಡ್‌ನ ನಿರ್ದೇಶಕರು, ಹಿಂದೆ ದೊಡ್ಡ ಪರದೆ, ಪರದೆ ಮೇಲೆ ನಮ್ಮ ಗ್ರಾಫ್. ಮಳೆಗಾಲದಲ್ಲಿ ಕೆಳಗೆ ಬೀಳುವ ಅದೇ ನೀಲಿ ಗೆರೆ, ಮೂಲೆಯಲ್ಲಿ ನಮ್ಮ ಹುಡುಗಿ ತಪ್ಪಾಗಿ ಟೈಪ್ ಮಾಡಿದ್ದ ತಿಂಗಳ ಹೆಸರು ಕೂಡ ಹಾಗೇ ಇತ್ತು. ‘ನಾವು ಸೋಲಿಗೆ ಹೆದರದ ಫಂಡ್, ಸೋತವರ ಕೈ ಬಿಡುವುದಿಲ್ಲ’ ಅಂದರು. ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದವರೂ ತಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಹೊರಗೆ ಆಫೀಸರ್ ಸಿಕ್ಕರು. ಅದು ನಮ್ಮ ಗ್ರಾಫ್ ಅಲ್ವಾ ಅಂತ ಕೇಳಿದೆ. ‘ಹೌದು, ಆದರೆ ನಿಮ್ಮ ಹೆಸರು ಹಾಕಿಲ್ಲವಲ್ಲ ಮೇಡಂ, ನಿಮ್ಮ ಮರ್ಯಾದೆ ಕಾಪಾಡಿದ್ದೇವೆ’ ಅಂದರು. ಕಂತು? ‘ಅದು ಫೈನಾನ್ಸ್‌ನವರ ವಿಷಯ.’ ನಮ್ಮ ಸೋಲು ಅವರ ಭಾಷಣಕ್ಕೆ ಬೇಕು, ನಮ್ಮವರ ಸಂಬಳ ಬೇಡ!

ಸೋತಾಗ ಏನು ಮಾಡಬೇಕು ಅಂತ ಮೊದಲೇ ಬರೆದುಕೊಳ್ಳಲು ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. 2012ರಲ್ಲಿ ನ್ಯೂಯಾರ್ಕ್‌ನ ರೈಕರ್ಸ್ ದ್ವೀಪದ ಜೈಲಿನಲ್ಲಿದ್ದ ಹದಿಹರೆಯದವರು ಹೊರಬಂದ ಮೇಲೆ ಮತ್ತೆ ಜೈಲು ಸೇರದಿರಲಿ ಅಂತ ಒಂದು ಯೋಜನೆ ಶುರುವಾಯಿತು. ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕ್ ಸಾಲ ಕೊಟ್ಟಿತು, ಆಗಿನ ಮೇಯರ್ ಬ್ಲೂಮ್‌ಬರ್ಗ್ ಅವರ ದತ್ತಿ ಸಂಸ್ಥೆ ಅದರ ದೊಡ್ಡ ಪಾಲಿಗೆ ಖಾತರಿ ನಿಂತಿತು. ಗುರಿ ಮುಟ್ಟಿದರೆ ಮಾತ್ರ ನಗರಾಡಳಿತ ಆ ಹಣ ವಾಪಸ್ ಕೊಡಬೇಕು, ಇಲ್ಲದಿದ್ದರೆ ಇಲ್ಲ ಅಂತ ಒಪ್ಪಂದದಲ್ಲೇ ಇತ್ತು. 2015ರಲ್ಲಿ ಹೊರಗಿನ ಸಂಸ್ಥೆಯೊಂದು ಅಳೆದು ನೋಡಿ ಪರಿಣಾಮ ಇಲ್ಲ ಅಂತ ಹೇಳಿತು, ಯೋಜನೆ ನಿಂತಿತು, ನಷ್ಟ ಹಣ ಹಾಕಿದವರ ಮೇಲೆಯೇ ಬಿತ್ತು. ನಮ್ಮ ಒಪ್ಪಂದದಲ್ಲಿ ರಿಸ್ಕ್ ಅನ್ನುವ ಮಾತು ಮುನ್ನುಡಿಯಲ್ಲಿ ಮಾತ್ರ ಇತ್ತು. ಕಂತಿನ ಷರತ್ತಿನಲ್ಲಿ ಇದ್ದದ್ದು ಗುರಿ ಒಂದೇ.

ಇನ್ನೊಂದು ವಿಷಯ. ಕೆನಡಾದ ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್ ಅನ್ನುವ ಸ್ವಯಂಸೇವಾ ಸಂಸ್ಥೆ 2008ರಿಂದ ತನ್ನ ಸೋಲುಗಳ ವರದಿಯನ್ನು ತಾನೇ ಪ್ರಕಟಿಸಲು ಶುರುಮಾಡಿತು. ತನ್ನದು, ಬೇರೆಯವರದ್ದಲ್ಲ. ನಮ್ಮ ಫಂಡ್‌ನವರಿಗೂ ಕೇಳಿದ್ದೆ, ನೀವು ಎಲ್ಲಿ ಸೋತಿದ್ದೀರಿ, ಬರೆದಿದ್ದೀರಾ ಅಂತ. ಉತ್ತರ ಬರಲಿಲ್ಲ.

ಹಾಗಾಗಿ, ಸಹಿ ಹಾಕುವ ಮುಂಚೆ ಒಂದು ಮೇಲ್ ಕಳಿಸಿ: ‘ಗುರಿ ಮುಟ್ಟದಿದ್ದರೆ, ಕೆಲಸ ಸರಿಯಾಗಿ ಮಾಡಿದ್ದೇವೆ ಅಂತ ಲೆಕ್ಕ ತೋರಿಸಿದರೆ, ಮುಂದಿನ ಕಂತು ಬರುತ್ತದಾ ಇಲ್ವಾ?’ ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಬರಹದಲ್ಲೇ ತೆಗೆದುಕೊಳ್ಳಿ. ಘಟಕ ಮುಚ್ಚುವ ಖರ್ಚು, ಕೆಲಸಗಾರರ ಕೊನೆಯ ಸಂಬಳ, ಎರಡನ್ನೂ ಮೊದಲ ಕಂತಿನಲ್ಲೇ ಸೇರಿಸಿ ಕೇಳಿ. ನಿಮ್ಮ ಅಂಕಿಅಂಶ ಬಳಸುವ ಮುಂಚೆ ಒಪ್ಪಿಗೆ ಕೇಳಬೇಕು ಅಂತಲೂ ಬರೆಸಿ. ಅವರಿಂದ ಹಿಂದೆ ಹಣ ಪಡೆದು ಸೋತವರ ಹತ್ತಿರ ಮಾತಾಡಿ, ಗೆದ್ದವರ ನಂಬರ್ ಮಾತ್ರ ಕೊಟ್ಟರೆ ಬಿಟ್ಟುಬಿಡಿ.