ಪಾಲಕ್‌ಗೆ ಯಾವುದು ಒಳ್ಳೇದು: ಸಿಪ್ಪೆ ನೀರೋ, ಹಿಂಡಿ ನೀರೋ, ಜೀವಾಮೃತವೋ?

ಈ ಚಳಿಗಾಲ ಕಲಬುರಗಿಯ ನಮ್ಮ ಮನೆ ಮಾಳಿಗೆ ಮೇಲೆ ಮೂರು ಟಬ್ ಇಟ್ಟೆ. ಅದೇ ಮಣ್ಣು, ಅದೇ ಪಾಲಕ್ ಬೀಜ, ಬಿತ್ತಿದ್ದೂ ಒಂದೇ ದಿನ. ಬೇರೆ ಇದ್ದದ್ದು ದ್ರವ ಗೊಬ್ಬರ ಮಾತ್ರ.

ಮೊದಲನೇ ಟಬ್‌ಗೆ ಬಾಳೆಹಣ್ಣಿನ ಸಿಪ್ಪೆ, ತರಕಾರಿ ಸಿಪ್ಪೆ ನೆನೆಸಿದ ನೀರು. ಖರ್ಚಿಲ್ಲ, ಸುಲಭ. ಆದರೆ ಗಿಡ ಬಿಳಿಚಿಕೊಂಡೇ ಇತ್ತು. ಬಾಳೆ ಸಿಪ್ಪೆಯಲ್ಲಿರೋದು ಜಾಸ್ತಿ ಪೊಟ್ಯಾಶ್, ಸೊಪ್ಪಿಗೆ ಬೇಕಾಗಿರೋದು ಸಾರಜನಕ. ಬಕೆಟ್ ಸುತ್ತ ನುಸಿ ಬೇರೆ. ಈಗ ಸಿಪ್ಪೆಯೆಲ್ಲ ಕಾಂಪೋಸ್ಟ್ ಡಬ್ಬಿಗೆ.

ಎರಡನೇದು ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯೋ ಶೇಂಗಾ ಹಿಂಡಿ. 100 ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಲ್ಲಿ ನಾಲ್ಕು ದಿನ ನೆನೆಸಿ, ದಿನಾ ಕಲಕಿದೆ. ಮೂರನೇ ದಿನಕ್ಕೆ ಮೇಲೆ ನೊರೆ ಕಟ್ಟಿ ಗುಳುಗುಳು ಗುಳ್ಳೆ ಏಳುತ್ತೆ, ಮುಚ್ಚಳ ತೆಗೆದರೆ ಪಕ್ಕದ ಮಾಳಿಗೆಯವರೂ ಮೂಗು ಮುಚ್ಚಿಕೊಳ್ಳಬೇಕು, ಅಷ್ಟು ವಾಸನೆ. ಮೊದಲ ಸಲ ಅವಸರಕ್ಕೆ ಮೂರು ಪಟ್ಟು ನೀರು ಮಾತ್ರ ಬೆರೆಸಿ ಹಾಕಿದೆ, ಎರಡೇ ದಿನದಲ್ಲಿ ಎಲೆ ಅಂಚು ಸುಟ್ಟು ಕಂದು ಬಣ್ಣಕ್ಕೆ ತಿರುಗಿತು. ಆಮೇಲೆ ಹತ್ತು ಪಟ್ಟು ನೀರು ಬೆರೆಸಿ, ಮಣ್ಣು ಒದ್ದೆ ಇದ್ದಾಗ, ಸಂಜೆ ಹೊತ್ತು ಬುಡಕ್ಕೆ ಹಾಕಿದೆ. ವಾರದೊಳಗೆ ಹೊಸ ಎಲೆ ಅಂಗೈ ಅಗಲ, ಕಡುಹಸಿರು! ಹಿಂಡಿಯಲ್ಲಿ ಸುಮಾರು ಶೇ 7ರಷ್ಟು ಸಾರಜನಕ ಇರುತ್ತೆ, ಅದು ಕಣ್ಣಿಗೇ ಕಂಡಿತು.

ಮೂರನೇ ಟಬ್‌ಗೆ ಜೀವಾಮೃತ, ಅಂದರೆ ಸಗಣಿ, ಗಂಜಲ, ಬೆಲ್ಲ ಸೇರಿಸಿ ಕೊಳೆಸೋ ದ್ರವ ಗೊಬ್ಬರ. ಅದನ್ನು ಶೂನ್ಯ ಬಂಡವಾಳ ಕೃಷಿಯ ಸುಭಾಷ್ ಪಾಳೇಕರ್ ಅವರ ಲೆಕ್ಕದಲ್ಲೇ ಮಾಡಿದೆ. ಅವರದು 200 ಲೀಟರ್ ನೀರಿಗೆ 10 ಕೆಜಿ ಸಗಣಿ. ನಾನು 20 ಲೀಟರ್ ನೀರಿಗೆ ಒಂದು ಕೆಜಿ ಆಕಳ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಹಿಟ್ಟು, ಒಂದು ಹಿಡಿ ಹೊಲದ ಬದುವಿನ ಮಣ್ಣು ಹಾಕಿದೆ. ಯಾವುದೇ ಬೇಳೆಕಾಳಿನ ಹಿಟ್ಟಾದರೂ ನಡೆಯುತ್ತೆ. ತೊಗರಿ ನಾಡಲ್ಲಿದ್ದು ಕಡಲೆ ಹಿಟ್ಟು ಯಾಕೆ ಕೊಳ್ಳಬೇಕು ಅಲ್ವಾ? ದಾಲ್ ಮಿಲ್‌ನಿಂದ ತೊಗರಿ ನುಚ್ಚು ತಂದು ಬೀಸಿಸಿದೆ. ನೆರಳಲ್ಲಿ ಇಟ್ಟರೆ ಎರಡು ದಿನಕ್ಕೆ ತಯಾರು, ವಾರದೊಳಗೆ ಮುಗಿಸಬೇಕು.

ಮೊದಲ ಕೊಯ್ಲಲ್ಲಿ ಇದು ಹಿಂಡಿ ಟಬ್‌ಗಿಂತ ಹಿಂದೆ ಬಿತ್ತು. ಮೂರನೇ ಕೊಯ್ಲಿಗೆ ಸರಿಸಮ ಬಂತು. ಮಣ್ಣಂತೂ ಬೆರಳಿಟ್ಟರೆ ಇಳಿಯುವಷ್ಟು ಮೆತ್ತಗಾಗಿತ್ತು, ಹಿಂಡಿ ಟಬ್‌ನ ಮಣ್ಣು ಹಾಗಾಗಲಿಲ್ಲ.

ಅದಕ್ಕೇ ಈಗ ಪಾಲಕ್, ರಾಜಗಿರಿಗೆ ಕೊಯ್ದ ಮರುದಿನ ಹಿಂಡಿ ನೀರು ಒಂದು ಸಲ ಕೊಡ್ತೀನಿ, ಮುಂದಿನ ಕೊಯ್ಲಿನವರೆಗೆ ಬರೀ ನೀರು. ಜೀವಾಮೃತ ಪುಂಡಿಪಲ್ಲೆಗೆ, ಅದನ್ನು ಹೇಗಿದ್ದರೂ ಬೇಯಿಸಿಯೇ ತಿನ್ನೋದು. ರೊಟ್ಟಿ ಜೊತೆ ಹಸಿಯಾಗಿ ತಿನ್ನೋ ಮೆಂತ್ಯ, ಹಕ್ಕರಕಿ ಟಬ್ ಹತ್ತಿರ ಮಾತ್ರ ಸಗಣಿ ನೀರು ಸುಳಿಯೋಕೂ ಬಿಡಲ್ಲ. ಎಷ್ಟು ತೊಳೆದರೂ ಹಸಿ ಸಗಣಿಯ ರೋಗಾಣು ಪೂರ್ತಿ ಹೋಗುತ್ತೆ ಅನ್ನೋ ನಂಬಿಕೆ ನನಗಿಲ್ಲ, ಮನೆಯಲ್ಲಿ ಮಕ್ಕಳೂ ಆ ಸೊಪ್ಪನ್ನೇ ತಿಂತಾರೆ.